ಮಂಡಿಯುದ್ದ ನೀರು

ಜುಂಜಮ್ಮ ಮಂಡಕ್ಕಿ ಅಂಗಡಿ ಹಾಕಿದ ಜಾಗ ನೋಡಿದವರೆಲ್ಲ ಇವಳಿಗೆ ತಲೆ ಕೆಟ್ಟಿದೆ ಅಂದರು. ದುರ್ಗದ ಗುಡ್ಡದ ಮೇಲೆ ಬಿದ್ದ ಮಳೆ ಬಂಡೆಯಿಂದ ಬಂಡೆಗೆ ಜಾರಿ, ಹೊಂಡ ತುಂಬಿಸಿ, ಮಿಕ್ಕಿದ್ದು ಊರೊಳಗೆ ನುಗ್ಗುವ ತಗ್ಗು ರಸ್ತೆ ಅದು. ಒಂದು ಮಗ್ಗುಲಿಗೆ ಹೊಂಡದ ಕಲ್ಲುಕಟ್ಟೆ, ಇನ್ನೊಂದು ಮಗ್ಗುಲಿಗೆ ಆಳದ ಮೋರಿ, ನಡುವೆ ಹೊಳಲ್ಕೆರೆ ಕಡೆಗೆ ಹೋಗುವ ದಾರಿ. ಬೇಸಿಗೆಯಲ್ಲಿ ಅಲ್ಲಿ ಧೂಳು, ಮಳೆಗಾಲದಲ್ಲಿ ಕೆಮ್ಮಣ್ಣಿನ ನೀರು. ವ್ಯಾಪಾರ ಬೇಕಿದ್ದರೆ ಬಸ್ ಸ್ಟ್ಯಾಂಡ್ ಹತ್ತಿರ ಬೇಕಾದಷ್ಟು ಜಾಗವಿತ್ತು. ಅದನ್ನೆಲ್ಲ ಬಿಟ್ಟು ಅವಳು ಕಟ್ಟೆಯ ಊರ ಕಡೆಯ ತುದಿಯಲ್ಲಿ, ನೀರಿಗೆ ಎಟುಕದಷ್ಟು ಎತ್ತರದಲ್ಲಿ, ಗಳ ನೆಟ್ಟು ತಾಡಪಾಲು ಕಟ್ಟಿ ಬಾಣಲೆ ಇಟ್ಟಳು.

"ಗಂಡ ಸತ್ತ ಜಾಗದಾಗೇ ಕುಂತು ಮೆಣಸಿನಕಾಯಿ ಕರೀತಾಳಲ್ಲ, ಹೆಂಗಾರ ಮನಸು ಬರ್ತೈತೋ" ಎಂದು ಎದುರಿನ ಓಣಿಯ ಹೊನ್ನಕ್ಕ ಓಣಿ ಹೆಂಗಸರ ಮುಂದೆಲ್ಲ ಹೇಳುತ್ತಿದ್ದಳು. ಜುಂಜಮ್ಮನ ಮುಂದೆಯೂ ಒಂದು ದಿನ ಹೇಳಿದಳು.

"ಇಲ್ಲಿಂದ ರಸ್ತೆ ಪೂರಾ ಕಾಣ್ತೈತೆ ಹೊನ್ನಕ್ಕಾ" ಎಂದು ಜುಂಜಮ್ಮ ಜಾಲರಿ ಸೌಟಿನಿಂದ ಎಣ್ಣೆ ಬಸಿಯುತ್ತ ಹೇಳಿದಳು. ಅಷ್ಟೇ. ಹೊನ್ನಕ್ಕನಿಗೆ ಅದರ ಅರ್ಥ ಆಗಲಿಲ್ಲ. ಆಗುವುದೂ ಜುಂಜಮ್ಮನಿಗೆ ಬೇಕಿರಲಿಲ್ಲ.

ಅವಳು ಹುಟ್ಟಿದ್ದು ಹೊಸದುರ್ಗ ತಾಲೂಕಿನ ಮತ್ತೋಡಿನ ಹತ್ತಿರದ ಒಂದು ಗೊಲ್ಲರಹಟ್ಟಿಯಲ್ಲಿ. ಸ್ಕೂಲಿನ ಹಿಂದಿನ ಗೋಡೆ ಮಾತ್ರ ಅವಳಿಗೆ ಗೊತ್ತು, ಅಲ್ಲಿ ಕುರಿ ಮೇಯುತ್ತಿದ್ದವು. ನಡೆಯುವುದು ಕಲಿತದ್ದೇ ಕುರಿಗಳ ಹಿಂದೆ. ಹಿರಿಯೂರು ಕಡೆಯ ಆದಿವಾಲದ ಪಕ್ಕದ ಹಟ್ಟಿಗೆ ಅವಳನ್ನು ಕೊಟ್ಟರು. ಗಂಡ ಎತ್ತಪ್ಪನದು ದೇವರ ಪೂಜೆ ಮಾಡುವ ಮನೆತನ. ಆ ಮನೆಯ ಗಂಡಸರು ಹೆಂಡ ಸಾರಾಯಿ ಮುಟ್ಟುವಂತಿರಲಿಲ್ಲ. ಎತ್ತಪ್ಪ ಮುಟ್ಟುವುದಿರಲಿ, ಸಾರಾಯಿ ಅಂಗಡಿ ಎದುರು ಬಂದರೆ ರಸ್ತೆ ದಾಟಿ ಆಚೆ ಮಗ್ಗುಲಲ್ಲಿ ನಡೆಯುತ್ತಿದ್ದ.

ಒಂದು ವರ್ಷ ಕುರಿಗಳಿಗೆ ರೋಗ ಬಿದ್ದು ಹಿಂಡಿಗೆ ಹಿಂಡೇ ಮಲಗಿತು. ಎತ್ತಪ್ಪ ಕೋಲು ಮೂಲೆಗಿಟ್ಟು ಲಾರಿಗೆ ಕ್ಲೀನರ್ ಆಗಿ ಹೋದ, ಕಣ್ಣಲ್ಲೇ ಕಲಿತು ಡ್ರೈವರ್ ಆದ. ಅವ್ವ ಮುದ್ದಕ್ಕನನ್ನು ಹಟ್ಟಿಯಲ್ಲೇ ಬಿಟ್ಟು, ಹೆಂಡತಿಯನ್ನು ಕರೆದುಕೊಂಡು ದುರ್ಗಕ್ಕೆ ಬಂದು ಗುಡ್ಡದ ಕೆಳಗೆ ಒಂದು ಕೋಣೆ ಹಿಡಿದ. ಡ್ರೈವರ್ ಆದರೂ ಅವನ ಕೈ ಕುರಿ ಕಾಯುವವನ ಕೈಯೇ. ಬೆಳಿಗ್ಗೆ ವ್ಯಾನು ಚಾಲು ಮಾಡುವ ಮೊದಲು ಅದರ ಮೂತಿ ಸವರಿ, "ಏನವ್ವಾ, ಹೋಗಾಣ?" ಅನ್ನುತ್ತಿದ್ದ. ಜನ ನಗುತ್ತಿದ್ದರು. "ನಗ್ಲಿ ಬಿಡು, ಅದು ನನ್ ಮಾತು ಕೇಳ್ತೈತೆ" ಅನ್ನುತ್ತಿದ್ದ ಜುಂಜಮ್ಮನಿಗೆ.

ವ್ಯಾನು ರಂಗಪ್ಪನದು. ರಂಗಪ್ಪನಿಗೆ ದುರ್ಗದಲ್ಲಿ ಶೇಂಗಾ ಮಂಡಿ ಇತ್ತು. ಅದರ ಜೊತೆಗೆ ಹೊಳಲ್ಕೆರೆಗೆ, ಭೀಮಸಮುದ್ರಕ್ಕೆ ಜನ ಸಾಗಿಸುವ ವ್ಯಾನುಗಳಿದ್ದವು. ಅವನು ಡ್ರೈವರುಗಳನ್ನು ಹೆಸರು ಹಿಡಿದು ಕರೆದದ್ದಕ್ಕಿಂತ "ಲೇ" ಅಂದದ್ದೇ ಹೆಚ್ಚು. ತಗ್ಗು ರಸ್ತೆಯ ಈಚೆಗಿನ ಟೀ ಹೋಟೆಲಿನ ಜಗಲಿಯೇ ಅವನ ಆಫೀಸು. ಅಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತು ವ್ಯಾನು ಬರುವುದು ಹೋಗುವುದು ನೋಡುತ್ತಿದ್ದ.

ಎಮರ್ಜೆನ್ಸಿ ಬಂದ ವರ್ಷ, ಹಸ್ತ ಮಳೆಯ ಒಂದು ಸಾಯಂಕಾಲ. ಗುಡ್ಡದ ಮೇಲೆ ಮಧ್ಯಾಹ್ನದಿಂದ ಸುರಿದು ಹೊಂಡ ಕೋಡಿ ಬಿದ್ದಿತ್ತು. ತಗ್ಗು ರಸ್ತೆಯಲ್ಲಿ ನೀರು ಕಟ್ಟೆಯ ಕಡೆಯಿಂದ ಮೋರಿಯ ಕಡೆಗೆ ಅಡ್ಡಡ್ಡ ಹರಿಯುತ್ತಿತ್ತು. ಹೊಳಲ್ಕೆರೆಯಿಂದ ಜನ ತುಂಬಿಕೊಂಡು ಬಂದ ಎತ್ತಪ್ಪ ಆಚೆ ದಂಡೆಯಲ್ಲಿ ವ್ಯಾನು ನಿಲ್ಲಿಸಿದ. ಈಚೆ ಜಗಲಿಯ ಮೇಲೆ ರಂಗಪ್ಪ ಛತ್ರಿ ಹಿಡಿದು ನಿಂತಿದ್ದ. ಆ ಹೊತ್ತಿಗೇ ವ್ಯಾನು ಒಂದು ಮದುವೆ ದಿಬ್ಬಣಕ್ಕೆ ಹಿರಿಯೂರಿಗೆ ಹೊರಡಬೇಕಿತ್ತು, ಮಾತು ಕೊಟ್ಟಿದ್ದ.

"ಹೊಡಿಯಲೇ, ಯಾಕೆ ನಿಂತೆ?" ಎಂದು ಕೂಗಿದ.

"ನೀರು ಇಳೀಲಿ ಯಜಮಾನ್ರೇ, ಸೆಳೆತ ಐತೆ."

"ಮಂಡಿಯುದ್ದ ನೀರಿಗೆ ಹೆದರ್ತೀಯೇನಲೇ? ಇವತ್ತು ಈ ಗಾಡಿ ಈಚೆ ಬರ್ಲಿಲ್ಲ ಅಂದ್ರೆ ನಾಳೆಯಿಂದ ಕುರಿ ಕಾಯಾಕೆ ಹೋಗು."

ಎತ್ತಪ್ಪ ಆಗ ಮಾಡಿದ್ದು ಹಟ್ಟಿಯವರು ಮಾತ್ರ ಮಾಡುವ ಕೆಲಸ. ಕುರಿ ಹಿಂಡು ವಲಸೆ ಹೋಗುವಾಗ ಹಳ್ಳ ಅಡ್ಡ ಬಂದರೆ, ಮೊದಲು ಕತ್ತೆಯ ಮೇಲಿನ ಹೇರು ಇಳಿಸುತ್ತಾರೆ. ಗಡಿಗೆ, ಕಂಬಳಿ, ಹಸುಗೂಸು, ಎಳೆ ಮರಿಗಳು, ಎಲ್ಲವನ್ನೂ ಮನುಷ್ಯರು ಹೊತ್ತು ದಾಟುತ್ತಾರೆ. ಹೇರು ಹೊತ್ತ ಕತ್ತೆ ನೀರಲ್ಲಿ ಮುಗ್ಗರಿಸಿ ಮುಳುಗುತ್ತದೆ, ಬರಿಮೈ ಕತ್ತೆ ತಲೆ ಎತ್ತಿ ಈಜಿ ಆಚೆ ಸೇರುತ್ತದೆ. ಇದು ಅವರಿಗೆ ಯಾರೂ ಹೇಳಿಕೊಡುವ ಮಾತಲ್ಲ, ಎಲುಬಿನಲ್ಲೇ ಇರುವುದು. ಎತ್ತಪ್ಪ ಜನರನ್ನೆಲ್ಲ ಇಳಿಸಿದ. ಮೇಲಿನ ಮೂಟೆಗಳನ್ನೂ ಇಳಿಸಿದ. "ಕಟ್ಟೆ ಮೇಲೆ ನಡಕೊಂಡು ಬರ್ರಿ, ಗಾಡಿ ಹಗುರಾಗ್ಲಿ" ಅಂದ. ಒಳಗೆ ನೀರು ಬರದಿರಲಿ ಅಂತ ಗಾಜುಗಳನ್ನೆಲ್ಲ ಏರಿಸಿಕೊಂಡ. ಮೂತಿ ಸವರಿದನೋ ಇಲ್ಲವೋ, ಅದನ್ನು ನೋಡಿದವರು ಯಾರೂ ಹೇಳಲಿಲ್ಲ.

ನಡುರಸ್ತೆಗೆ ಬಂದಾಗ ವ್ಯಾನಿನ ಹಿಂಭಾಗ ಮೆಲ್ಲಗೆ ಮೇಲೆದ್ದಿತು. ಸದ್ದಿಲ್ಲ, ಗದ್ದಲವಿಲ್ಲ. ತೊಟ್ಟಿಲು ತೂಗಿದ ಹಾಗೆ ಒಮ್ಮೆ ಆಡಿ, ಅಡ್ಡ ತಿರುಗಿ, ಹಾಗೇ ಜಾರಿಕೊಂಡು ಹೋಗಿ ಮೋರಿಯೊಳಗೆ ಮಗ್ಗುಲಾಯಿತು. ಬಾಗಿಲು ಕೆಳಗಾಗಿತ್ತು. ಹಗ್ಗ, ಗಳ ತಂದು ಎಳೆಯುವ ಹೊತ್ತಿಗೆ ಎತ್ತಪ್ಪ ಇರಲಿಲ್ಲ.

ಪೊಲೀಸರು ಬಂದರು. ರಂಗಪ್ಪ ಅವರ ಮುಂದೆ ತನ್ನ ಪಂಚೆ ಎತ್ತಿ ಮಂಡಿ ತೋರಿಸಿದ. "ನೋಡ್ರಿ ಸಾರ್, ಇಷ್ಟು ನೀರು. ಎಮ್ಮೆಕರ ದಾಟ್ತೈತೆ. ಕಬ್ಬಿಣದ ಗಾಡಿ ಇಷ್ಟು ನೀರಿಗೆ ಹೋಗ್ತೈತಾ? ಕುಡಿದಿದ್ದ ನನ್ಮಗ. ನಿಲ್ಸೋ ಅಂತ ನಾನು ಕೂಗ್ಕೊಂಡೆ, ಕೇಳ್ಲಿಲ್ಲ."

ಎಲ್ಲರೂ ತಲೆ ಆಡಿಸಿದರು. ವ್ಯಾನಿನಿಂದ ಇಳಿದ ಜನ ತಮ್ಮ ತಮ್ಮ ಊರಿನ ಕೊನೇ ಬಸ್ಸಿಗೆ ಓಡಿದ್ದರು. ಹೋಟೆಲಿನವನು ನಡೆದದ್ದನ್ನು ಆಮೇಲೆ ಜುಂಜಮ್ಮನಿಗೆ ಗುಟ್ಟಾಗಿ ಅಕ್ಷರ ಬಿಡದೆ ಹೇಳಿದ, ಪೊಲೀಸರ ಮುಂದೆ ಹೇಳಿ ಜಗಲಿಯ ಗಿರಾಕಿಯನ್ನು ಕಳೆದುಕೊಳ್ಳಲಿಲ್ಲ. ಮಂಡಿಯುದ್ದ ನೀರು ವ್ಯಾನು ಎತ್ತಿಕೊಂಡು ಹೋಗುತ್ತದೆ ಎಂದರೆ ನಂಬುವುದು ಕಷ್ಟ, ಡ್ರೈವರ್ ಕುಡಿದಿದ್ದ ಎಂದರೆ ನಂಬುವುದು ಸುಲಭ.

ಆ ಮಾತು ದುರ್ಗದಲ್ಲೇ ಉಳಿದಿದ್ದರೆ ಜುಂಜಮ್ಮ ಹೇಗೋ ನುಂಗಿಕೊಳ್ಳುತ್ತಿದ್ದಳೋ ಏನೋ. ಬಸ್ಸು ಹತ್ತಿ ಅದು ಹಟ್ಟಿಗೂ ಹೋಯಿತು. ಮಾರ್ಲಮಿ ಅಮಾವಾಸ್ಯೆಗೆ ಹಟ್ಟಿಯಲ್ಲಿ ಹಿರಿಯರಿಗೆ ಎಡೆ ಇಡುತ್ತಾರೆ. ಸತ್ತವರ ಹೆಸರುಗಳನ್ನು ಒಂದೊಂದಾಗಿ ಕೂಗಿ ಊಟಕ್ಕೆ ಕರೆಯುತ್ತಾರೆ. ಆ ವರ್ಷ ಹಟ್ಟಿಯ ಹಿರಿಯ ಗೊಲ್ಲಪ್ಪ ಎತ್ತಪ್ಪನ ಹೆಸರು ಕೂಗಲಿಲ್ಲ.

"ಪೂಜಾರಿ ಮನೆಯೋನು ಕುಡಿದು ಸತ್ತವ್ನೆ. ದೇವರ ಮುಂದೆ ಆ ಹೆಸರು ಎತ್ತಾಕೆ ನನ್ನ ಬಾಯಿ ಬರಾದಿಲ್ಲ" ಅಂದ.

ಮುದ್ದಕ್ಕ ಅವನ ಕಾಲು ಹಿಡಿದಳು. ಅತ್ತೆ ನೆಲದ ಮೇಲೆ ಬಿದ್ದು ಇನ್ನೊಬ್ಬನ ಕಾಲು ಹಿಡಿದದ್ದನ್ನು ಜುಂಜಮ್ಮ ನಿಂತು ನೋಡಿದಳು. ಅವಳ ಗಂಡ ಉಪವಾಸ ಹೊರಗೆ ನಿಂತಿದ್ದ, ಎಲ್ಲರ ಹಿರಿಯರೂ ಒಳಗೆ ಉಣ್ಣುತ್ತಿದ್ದರು. ಆವತ್ತೇ ಅವಳು ಒಂದು ತೀರ್ಮಾನ ಮಾಡಿದಳು. ರಂಗಪ್ಪನನ್ನು ಅದೇ ನೀರಲ್ಲಿ ಇಳಿಸಬೇಕು. ಅವನಿಗೂ ಅದು ಮಂಡಿಯುದ್ದವೇ ಇರಬೇಕು.

ಹಾಗಾಗಿ ಬಂತು ಆ ಅಂಗಡಿ.

ಅವಳು ಮೆಣಸಿನಕಾಯಿ ಕರಿದಳು, ಮಂಡಕ್ಕಿಗೆ ಖಾರ ಹಚ್ಚಿದಳು, ಮಳೆ ಬಂದಾಗಲೆಲ್ಲ ರಸ್ತೆ ನೋಡಿದಳು. ಬೇರೆಯವರು ಮಳೆ ಬಂದರೆ ಅಂಗಡಿ ಮುಚ್ಚುತ್ತಿದ್ದರು, ಅವಳು ಮಳೆ ಬಂದರೆ ಬೆಂಕಿ ಹೆಚ್ಚು ಮಾಡುತ್ತಿದ್ದಳು. ಮೊದಮೊದಲು ಅವಳಿಗೆ ಅರ್ಥವಾಗುತ್ತಿರಲಿಲ್ಲ. ಹತ್ತಿ ಮೂಟೆ ಹೇರಿದ ಲಾರಿ ನೀರಿಗಿಳಿದರೆ ಎದೆ ಹಿಡಿದುಕೊಂಡು ನೋಡುತ್ತಿದ್ದಳು, ಅದು ಏನೂ ಆಗದ ಹಾಗೆ ಗುರುಗುಟ್ಟಿಕೊಂಡು ದಾಟಿಬಿಡುತ್ತಿತ್ತು. ಕಲ್ಲು ಹೇರಿದ ಎತ್ತಿನಗಾಡಿ ದಾಟುತ್ತಿತ್ತು. ಒಂದು ಸಲ ಖಾಲಿ ಟೆಂಪೋ ಬಂತು, ಅದಕ್ಕಿಂತ ಕಡಿಮೆ ನೀರಲ್ಲಿ ಗಿರ್ರನೆ ತಿರುಗಿ ಮೋರಿಯ ಅಂಚಿಗೆ ಕುಂಡೆ ತಾಗಿಸಿ ನಿಂತಿತು. ಬಾಗಿಲೇ ಇಲ್ಲದ ಒಂದು ಹಳೇ ಜೀಪಿನೊಳಗೆ ಈ ಕಡೆ ನುಗ್ಗಿದ ನೀರು ಆ ಕಡೆ ಹೋಗುತ್ತಿತ್ತು, ಜೀಪು ಮಾತ್ರ ನೆಲ ಬಿಡಲಿಲ್ಲ.

ಕರಿಯಣ್ಣ ಅಂತ ಒಬ್ಬ ಮುದುಕ ಲಾರಿ ಡ್ರೈವರ್ ಅವಳ ಅಂಗಡಿಗೆ ಬರುತ್ತಿದ್ದ. ಅವನನ್ನು ಕೇಳಿದಳು.

"ಅಣ್ಣಾ, ತುಂಬಿದ್ದು ದಾಟ್ತೈತೆ, ಖಾಲಿದು ಯಾಕೆ ಹೋಗ್ತೈತೆ?"

"ಕೊಡ ನೋಡಿಲ್ವೇನವ್ವಾ ನೀನು? ಖಾಲಿ ಕೊಡ ಬಾವಿಯಾಗೆ ತೇಲ್ತೈತೆ, ತುಂಬಿದ್ದು ಕುಂತ್ಕತೈತೆ. ಗಾಜು ಏರ್ಸಿ ಬಾಗಿಲು ಹಾಕಿದ ಗಾಡಿ ಅಂದ್ರೆ ಖಾಲಿ ಕೊಡನೇ. ಚಕ್ರ ನೆಲ ಬಿಟ್ಟ ಮ್ಯಾಲೆ ಸ್ಟೇರಿಂಗು ಹಿಡ್ಕಂಡ್ರೂ ಅಷ್ಟೇ, ಶಂಖ ಊದಿದ್ರೂ ಅಷ್ಟೇ. ಇನ್ನೊಂದು ಮೆಣಸಿನಕಾಯಿ ಹಾಕು, ಖಾರ ಇರೋದು."

ಜುಂಜಮ್ಮ ಮೆಣಸಿನಕಾಯಿ ಹಾಕಿದಳು. ಎತ್ತಪ್ಪ ಗಾಡಿಗೆ ತೋರಿಸಿದ ಕನಿಕರವೇ ಅವನನ್ನು ತೆಗೆದುಕೊಂಡು ಹೋಯಿತು. ಹನ್ನೆರಡು ಜನ ಒಳಗೆ ಕೂತೇ ಇದ್ದಿದ್ದರೆ ಅವನೂ ಉಳಿಯುತ್ತಿದ್ದ. ಕತ್ತೆಗೆ ಈಜು ಬರುತ್ತದೆ, ವ್ಯಾನಿಗೆ ಬರುವುದಿಲ್ಲ. ಇದು ತಿಳಿದ ಮೇಲೆ ಅವಳ ಸಿಟ್ಟು ಕಡಿಮೆ ಆಗಲಿಲ್ಲ. ಗಂಡನ ತಪ್ಪು ಗಂಡನದು. "ಹೊಡಿ" ಅಂದವನದು ಬೇರೆ, "ಕುಡಿದಿದ್ದ" ಅಂದವನದು ಇನ್ನೂ ಬೇರೆ. ಸಿಟ್ಟು ಈಗ ಹೊಗೆ ಕಾಣಿಸದ ಹಾಗೆ ಕಾದಿತ್ತು. ದಾರಿಯೂ ಗೊತ್ತಾಗಿತ್ತು.

ರಂಗಪ್ಪ ದಿನಾ ಅವಳ ಮುಂದೆಯೇ ಓಡಾಡುತ್ತಿದ್ದ. ಅವಳು ಯಾರು ಅಂತ ಅವನಿಗೆ ಗೊತ್ತಿರಲಿಲ್ಲ. ಹೆಣದ ಮುಂದೆ ಸೆರಗು ಮುಚ್ಚಿಕೊಂಡು ಕೂತ ಹೆಂಗಸಿನ ಮುಖ ಅವನು ಯಾಕೆ ನೋಡಿರುತ್ತಾನೆ? ಜಗಲಿಯ ಮೇಲಿಂದ ಆಳನ್ನು ಕಳಿಸಿ ಅವಳ ಮೆಣಸಿನಕಾಯಿ ತರಿಸಿಕೊಂಡು ತಿನ್ನುತ್ತಿದ್ದ. ಅವಳು ಬಿಸಿಬಿಸಿಯದೇ ಕೊಡುತ್ತಿದ್ದಳು. ಚೆನ್ನಾಗಿ ತಿನ್ನಲಿ, ಗಟ್ಟಿಯಾಗಿರಲಿ, ಅಲ್ಲಿಯವರೆಗೂ ಸಾಯದಿರಲಿ.

ಡೆಲ್ಲಿಯಲ್ಲಿ ಜನತಾ ಸರ್ಕಾರ ಬಂದ ವರ್ಷ ಉತ್ತರೆ ಮಳೆ ಹಿಡಿಯಿತು. ಬೆಳಿಗ್ಗೆಯೇ ಹೊಂಡ ಕೋಡಿ ಬಿದ್ದು ತಗ್ಗು ರಸ್ತೆಯಲ್ಲಿ ನೀರು ಓಡತೊಡಗಿತು. ಮಾರ್ಲಮಿ ಇನ್ನೂ ಮುಂದಿತ್ತು. ರಂಗಪ್ಪ ತನ್ನ ಸ್ವಂತ ಕಾರಿನಲ್ಲಿ ಬಂದ. ಹೊಳಲ್ಕೆರೆಯಲ್ಲಿ ತಂಗಿಯ ಮಗಳಿಗೆ ವೀಳ್ಯದ ಶಾಸ್ತ್ರ, ಸೋದರಮಾವನೇ ಮುಂದೆ ನಿಲ್ಲಬೇಕು. ಕಾರಿನ ತುಂಬ ಅಕ್ಕಿ ಮೂಟೆ, ಬೆಲ್ಲ, ತೆಂಗಿನಕಾಯಿ ಚೀಲ, ಹಿತ್ತಾಳೆ ಹಂಡೆ. ಹಿಂದಿನ ಚಕ್ರಗಳು ಕುಗ್ಗಿ ಹೋಗಿದ್ದವು. ಗಾಡಿ ಓಡಿಸುತ್ತಿದ್ದವನು ಭೀಮಸಮುದ್ರದ ಕಡೆಯ ಪಾಪಣ್ಣ ಅಂತ ಹೊಸ ಡ್ರೈವರು.

ಜುಂಜಮ್ಮ ಕುಗ್ಗಿದ ಚಕ್ರ ನೋಡಿದಳು. ಹೀಗೇ ಬಿಟ್ಟರೆ ಇವನು ದಾಟಿಬಿಡುತ್ತಾನೆ.

ಬಾಣಲೆ ಕೆಳಗಿನ ಕಟ್ಟಿಗೆ ಹೊರಗೆಳೆದು ಎದ್ದಳು. ರಂಗಪ್ಪ ಗಾಜು ಇಳಿಸಿ, "ಏನಮ್ಮ, ನೀರು ಎಷ್ಟೈತೆ?" ಎಂದು ಕೇಳಿದ.

"ಮಂಡಿಯುದ್ದ ಐತೆ ಯಜಮಾನ್ರೇ." ಅದು ಸುಳ್ಳಲ್ಲ.

"ಹಂಗಾರೆ ದಾಟ್ತೈತೆ ಬಿಡು."

"ದಾಟ್ತೈತೆ. ಆದ್ರೆ ಹೇರು ಜಾಸ್ತಿ ಆತು, ಇಂಜಿನ್ನಿಗೆ ನೀರು ಹತ್ತೀತು. ಶುಭಕಾರ್ಯದ ಸಾಮಾನು, ಅಕ್ಕಿ ನೆಂದ್ರೆ ಏನು ಮಾಡ್ತೀರಿ? ಹಮಾಲ್ರು ಇಲ್ಲೇ ಅವ್ರೆ. ಕಟ್ಟೆ ಮ್ಯಾಲೆ ಹೊತ್ಕಂಡು ಆಚೆ ಇಡ್ತಾರೆ. ಗಾಡಿ ಹಗುರ ಮಾಡ್ಕಂಡು ಹೋಗ್ರಿ. ಗಾಜು ಏರಿಸ್ಕಳ್ರಿ, ಮೆತ್ತೆ ನೆಂದಾವು."

ಎಷ್ಟು ಅಕ್ಕರೆ ಅವಳ ದನಿಯಲ್ಲಿ. ರಂಗಪ್ಪನಿಗೆ ಹಿಡಿಸಿತು. "ನೋಡಲೇ, ಹೆಣ್ಣೆಂಗಸಿಗೆ ಇರೋ ಬುದ್ಧಿ ನಿಂಗಿಲ್ಲ" ಎಂದು ಪಾಪಣ್ಣನಿಗೆ ಬೈದು, ಜಗಲಿಯ ಹತ್ತಿರವಿದ್ದ ತನ್ನ ಶೇಂಗಾ ಮಂಡಿಯ ಹಮಾಲ ಸಣ್ಣಪ್ಪನನ್ನೂ ಅವನ ಜೊತೆಯವರನ್ನೂ ಕೂಗಿದ. ಮೂಟೆಗಳು ಇಳಿದವು, ಹಂಡೆ ಇಳಿಯಿತು. ಒಂದೊಂದು ಇಳಿದ ಹಾಗೂ ಕಾರು ಮೇಲೆ ಮೇಲೆ ಏಳುವುದನ್ನು ಜುಂಜಮ್ಮ ಕಣ್ಣು ತುಂಬ ನೋಡಿದಳು.

ಪಾಪಣ್ಣ ಬೆಲ್ಲದ ಪಿಂಡಿ ಎತ್ತಿಕೊಂಡು ಹತ್ತಿರ ಬಂದಾಗ ಮೆಲ್ಲಗೆ ಕೇಳಿದಳು. "ತಮ್ಮಾ, ಮದುವೆ ಆಗೈತಾ?"

"ಆಗೈತಕ್ಕಾ. ಬಸುರಿ ಅದಾಳೆ."

"ಹಂಗಾರೆ ಆ ಕಾರು ಹತ್ತಬ್ಯಾಡ. ಏನಂದ್ರೂ ಹತ್ತಬ್ಯಾಡ."

ಪಾಪಣ್ಣ ಅವಳ ಮುಖ ನೋಡಿದ. ಡ್ರೈವರುಗಳ ಮಧ್ಯೆ ಎತ್ತಪ್ಪನ ಕಥೆ ಓಡಾಡುತ್ತಿತ್ತು, ಅಂಗಡಿಯವಳು ಯಾರು ಅಂತ ಅವರಿಗೆ ಗೊತ್ತಿತ್ತು, ಯಜಮಾನನ ಮುಂದೆ ಮಾತ್ರ ಯಾರೂ ಬಾಯಿ ಬಿಟ್ಟಿರಲಿಲ್ಲ. ಅವನು ಪಿಂಡಿ ಕಟ್ಟೆಯ ಮೇಲಿಟ್ಟು ಅಲ್ಲೇ ಕೂತ.

"ಬಾರಲೇ, ಹತ್ತು" ಎಂದ ರಂಗಪ್ಪ.

"ನಾನೊಲ್ಲೆ ಯಜಮಾನ್ರೇ. ಸೆಳೆತ ಐತೆ."

"ಮಂಡಿಯುದ್ದ ನೀರಿಗೆ ಹೆದರ್ತೀಯೇನಲೇ?"

ಜುಂಜಮ್ಮ ಆ ಮಾತು ಕೇಳಿಸಿಕೊಂಡಳು. ಎರಡು ವರ್ಷವಾದರೂ ಈ ಬಾಯಿ ಒಂದಕ್ಷರ ಬದಲಾಗಿರಲಿಲ್ಲ. ಅಲ್ಲಿಯವರೆಗೂ ಎಲ್ಲೋ ಒಂದು ಚೂರು ಅಳುಕಿದ್ದರೆ ಅದೂ ಹೋಯಿತು.

"ಗಂಡಸಲ್ಲ ಇವ್ನು" ಎಂದು ರಂಗಪ್ಪ ತಾನೇ ಸ್ಟೇರಿಂಗ್ ಮುಂದೆ ಕೂತು, ಗಾಜು ಏರಿಸಿಕೊಂಡು, ಹೊಡೆದ.

ನಡುರಸ್ತೆಯವರೆಗೂ ಚೆನ್ನಾಗಿ ಹೋದ. ಆಮೇಲೆ ಹಿಂಭಾಗ ಮೆಲ್ಲಗೆ ಎದ್ದಿತು. ಕಾರು ತುಯ್ದಾಡಿ, ಅಡ್ಡ ತಿರುಗಿ, ಮೋರಿಯ ಕಡೆಗೆ ಜಾರತೊಡಗಿತು. ಒಳಗೆ ರಂಗಪ್ಪ ಸ್ಟೇರಿಂಗನ್ನು ಆ ಕಡೆ ಈ ಕಡೆ ತಿರುವುತ್ತಿದ್ದ, ಗಾಣದ ಸುತ್ತ ಎತ್ತು ತಿರುಗಿದ ಹಾಗೆ, ಯಾವ ಪ್ರಯೋಜನವೂ ಇಲ್ಲದೆ. ವ್ಯಾನು ಬಿದ್ದ ಮೇಲೆ ಮೋರಿಯ ಅಂಚಿಗೆ ಊರಿನವರು ಕಲ್ಲುಗಂಬ ನೆಟ್ಟಿದ್ದರು. ಅದರಲ್ಲಿ ಒಂದಕ್ಕೆ ಕಾರಿನ ಹಿಂಬದಿ ತಗುಲಿಕೊಂಡಿತು, ಮೂತಿ ಮೋರಿಯ ಮೇಲೆ ಬಾಗಿತು. ನೀರಿನ ಒತ್ತಡಕ್ಕೆ ಬಾಗಿಲು ತೆರೆಯಲಿಲ್ಲ. ಅವನು ಗಾಜು ಇಳಿಸಿ ಅರ್ಧ ಮೈ ಹೊರಗೆ ಹಾಕಿ ಕಿರುಚಿದ.

ಜನ ಓಡಿ ಬಂದು ಕಟ್ಟೆ ಹತ್ತಿದರು. ಸಣ್ಣಪ್ಪ ಮೂಟೆ ಕಟ್ಟುವ ಹಗ್ಗ ತಂದ. ಎಸೆಯುವಷ್ಟರಲ್ಲಿ ಜುಂಜಮ್ಮ ಅದನ್ನು ಅವನ ಕೈಯಿಂದ ತೆಗೆದುಕೊಂಡಳು. ಕಸಿದುಕೊಳ್ಳಲಿಲ್ಲ, ತನ್ನದೇ ಎನ್ನುವ ಹಾಗೆ ತೆಗೆದುಕೊಂಡಳು. ಸಣ್ಣಪ್ಪ ಬಿಟ್ಟುಕೊಟ್ಟ.

ಈ ಗಳಿಗೆಯನ್ನು ಅವಳು ಮನಸ್ಸಿನಲ್ಲಿ ಎಷ್ಟು ಸಲ ಕಂಡಿದ್ದಳೋ. ಪ್ರತಿ ಸಲವೂ ಅವನು ಮುಳುಗುತ್ತಿದ್ದ, ಅವಳು ನೋಡುತ್ತಿದ್ದಳು. ಈಗ ಹಗ್ಗ ಕೈಯಲ್ಲಿ ಹಿಡಿದಾಗ ಬೇರೆಯದೇ ಹೊಳೆಯಿತು. ಇವನು ಸತ್ತರೆ ನಾಳೆ ಊರು ಏನನ್ನುತ್ತದೆ? ಪಾಪ ರಂಗಪ್ಪ, ಭಾರಿ ನೀರಿತ್ತು ಅನ್ನುತ್ತದೆ. ಎತ್ತಪ್ಪ ಮಾತ್ರ ಕುಡುಕನಾಗಿಯೇ ಉಳಿಯುತ್ತಾನೆ. ಇವನ ಹೆಣ ಅವಳಿಗೆ ಯಾತಕ್ಕೂ ಬರುವುದಿಲ್ಲ. ಬೇಕಾದದ್ದು ಇವನ ನಾಲಿಗೆ.

"ಹಗ್ಗ ಹಾಕಮ್ಮಾ" ಎಂದು ರಂಗಪ್ಪ ಕೂಗಿದ.

"ಹಾಕ್ತೀನಿ. ನೀರು ಎಷ್ಟೈತೆ ಹೇಳು."

"ಏನು?"

"ನೀರು ಎಷ್ಟೈತೆ? ಜನಕ್ಕೆ ಕೇಳೋ ಹಂಗೆ ಹೇಳು."

ಅವನಿಗೆ ತಿಳಿಯಲಿಲ್ಲ. "ಏನು ಬೇಕಾದ್ರೂ ಕೊಡ್ತೀನಿ, ಹಾಕವ್ವಾ."

"ಏನೂ ಬ್ಯಾಡ. ಕೇಳಿದ್ದಕ್ಕೆ ಹೇಳು."

ಕಾರು ಒಂದು ಗೇಣು ಜಾರಿತು. ಕಲ್ಲುಗಂಬ ಕೊಸರಿದ ಸದ್ದು ಎಲ್ಲರಿಗೂ ಕೇಳಿಸಿತು. "ಮಂಡಿಯುದ್ದ" ಎಂದು ರಂಗಪ್ಪ ಅರಚಿದ. "ನಡುರಸ್ತೆಯಾಗೆ ಮಂಡಿಯುದ್ದ."

"ಬೆಳಿಗ್ಗೆಯಿಂದ ಎಷ್ಟು ಕುಡಿದೀಯ?"

"ಕುಡಿದಿಲ್ಲ ನಮ್ಮವ್ವಾ. ಶಾಸ್ತ್ರಕ್ಕೆ ಹೊಂಟೋನು, ಹನಿ ನೀರೂ ಕುಡಿದಿಲ್ಲ."

"ಹಂಗಾರೆ ಗಾಡಿ ಯಾಕೆ ಹೋತು?"

ರಂಗಪ್ಪ ಮುಖದ ನೀರು ಒರೆಸಿಕೊಂಡು ಕಟ್ಟೆಯ ಕಡೆ ತಲೆ ಎತ್ತಿದ. ಅವಳ ಮುಖವನ್ನು ಅವನು ಮೊದಲ ಸಲ ಸರಿಯಾಗಿ ನೋಡಿದ್ದು ಆಗಲೇ.

"ನೀನು ಎತ್ತಪ್ಪನ..."

"ಹೆಂಡ್ತಿ. ಅವನು ಕುಡಿದಿದ್ನಾ?"

"ಇಲ್ಲ."

"ಕೇಳ್ಲಿಲ್ಲ."

"ಎತ್ತಪ್ಪ ಕುಡಿದಿರ್ಲಿಲ್ಲ. ನೀರೇ ಎತ್ಕಂಡು ಹೋತು."

"ನಿಲ್ಸು ಅಂತ ಕೂಗಿದ್ಯಾ, ಹೊಡಿ ಅಂತ ಕೂಗಿದ್ಯಾ?"

"ಹೊಡಿ ಅಂದೆ. ನಾನೇ ಅಂದೆ. ಅವನು ಒಲ್ಲೆ ಅಂದ, ನಾನೇ ಹೊಡಿ ಅಂದೆ. ಹಗ್ಗ ಹಾಕೇ ತಾಯಿ."

ಜುಂಜಮ್ಮ ಹಗ್ಗವನ್ನು ಸಣ್ಣಪ್ಪನ ಕೈಗೆ ಕೊಟ್ಟಳು. "ಎಳಕಳ್ರಿ" ಅಂದಳು. ಅವನನ್ನು ಎಳೆದು ಕಟ್ಟೆಗೆ ಹಾಕಿದ್ದನ್ನು ನೋಡಲು ಅವಳು ನಿಲ್ಲಲಿಲ್ಲ. ಅಂಗಡಿಗೆ ಹೋಗಿ ಕಟ್ಟಿಗೆ ಒಳಗೆ ತಳ್ಳಿದಳು. ಕಾರು ಮೋರಿಗೆ ಉರುಳಿದ ಸದ್ದು ಬಂದಾಗ ಕೂಡ ತಿರುಗಿ ನೋಡಲಿಲ್ಲ, ಆದರೆ ತುಟಿ ಒಂದಿಷ್ಟು ಅರಳಿದ್ದನ್ನು ಹೊನ್ನಕ್ಕ ಕಂಡಳಂತೆ.

ಮೈ ಒಣಗಿದ ಮೇಲೆ ರಂಗಪ್ಪನಿಗೆ ಮತ್ತೆ ದನಿ ಬಂತು. ಮಾರನೇ ದಿನ ಒಬ್ಬ ದಫೇದಾರನನ್ನು ಕರೆದುಕೊಂಡು ಅಂಗಡಿಗೆ ಬಂದ. "ಇವಳೇ ಸಾರ್. ಹೇರು ಇಳಿಸು, ಗಾಜು ಏರಿಸು ಅಂತ ಬೇಕಂತ್ಲೇ ಹೇಳಿ ನನ್ನ ಕೊಲ್ಲಾಕೆ ನೋಡಿದ್ಲು."

"ಹೌದೇನಮ್ಮ?" ಎಂದ ದಫೇದಾರ.

"ಹೌದು" ಅಂದಳು ಜುಂಜಮ್ಮ. "ನಾನು ಇಳಿಸು ಅಂದೆ. ಅವರು ನನ್ನ ಗಂಡಂಗೆ ಹೊಡಿ ಅಂದ್ರು. ನಡೀರಿ ಸ್ಟೇಷನ್ನಿಗೆ, ಇಬ್ಬರದ್ದೂ ಬರಕಳ್ರಿ. ನಂದು ಮೊದ್ಲು ಬರೀರಿ, ಪರವಾಗಿಲ್ಲ."

ದಫೇದಾರ ರಂಗಪ್ಪನ ಕಡೆ ತಿರುಗಿದ. ರಂಗಪ್ಪ ಎಲ್ಲೋ ದೂರ ನೋಡುತ್ತ, "ಇರ್ಲಿ ಬಿಡ್ರಿ ಸಾರ್, ಹೆಂಗಸು" ಅಂದ. ದಫೇದಾರ ಒಂದು ಪೊಟ್ಟಣ ಮಂಡಕ್ಕಿ ತಗೊಂಡು ಹೋದ.

ಹಟ್ಟಿಯ ಗೊಲ್ಲಪ್ಪನಿಗೂ ಸುದ್ದಿ ಮುಟ್ಟಿತು. ಒಂದು ದಿನ ಬಸ್ಸಿಳಿದು ಬಂದು, ತಾಡಪಾಲಿನ ಕೆಳಗೆ ಕುಕ್ಕರಗಾಲಲ್ಲಿ ಕೂತು, ಅವಳ ಮುಖ ನೋಡದೆ ಹೇಳಿದ. "ಈ ಮಾರ್ಲಮಿಗೆ ಬಾರವ್ವಾ. ಹೆಸರು ಕೂಗ್ತೀನಿ."

"ಯಾರೋ ದುರ್ಗದಾಗೆ ಹೇಳಿದ್ರಂತೆ ಅಂತ ಕೂಗ್ತೀಯಾ ಮಾವಾ?" ಎಂದಳು. "ಕುಡುಕ ಅನ್ನೋ ಮಾತು ಹಟ್ಟಿಗೆ ಬಂದಿತ್ತು. ಅಲ್ಲ ಅನ್ನೋ ಮಾತೂ ಹಟ್ಟಿಗೆ ಬರ್ಲಿ. ಅಂದೋನೇ ತರ್ಲಿ. ಅಲ್ಲೀತನಕ ನನ್ನ ಗಂಡನ್ನ ನೀನು ಕರೀಬ್ಯಾಡ, ಅವನು ಬರೋದೂ ಇಲ್ಲ. ನನ್ನತ್ತೆ ನಿನ್ನ ಕಾಲು ಹಿಡಿದಿದ್ದು ನಾನು ಮರೆತಿಲ್ಲ."

ಗೊಲ್ಲಪ್ಪ ಎದ್ದು ಹೋದ. ರಂಗಪ್ಪ ಹಟ್ಟಿಗೆ ಬರುತ್ತಾನೆ ಅಂತ ಅವನಿಗೂ ನಂಬಿಕೆ ಇರಲಿಲ್ಲ.

ಆದರೆ ಪಾಪಣ್ಣ ಆವತ್ತು ಕಟ್ಟೆಯ ಮೇಲೆ ಕೇಳಿಸಿಕೊಂಡದ್ದನ್ನು ಡ್ರೈವರುಗಳಿಗೆಲ್ಲ ಹೇಳಿದ್ದ. ರಂಗಪ್ಪನ ವ್ಯಾನುಗಳ ಬೀಗದಕೈ ಮುಟ್ಟುವವರು ಇಲ್ಲದಾದರು. ಹೊಳಲ್ಕೆರೆಯವರನ್ನು ಕೇಳಿದ, ಹೊಸದುರ್ಗದವರನ್ನು ಕರೆಸಿದ. ಎಲ್ಲರದ್ದೂ ಒಂದೇ ಮಾತು. "ಸತ್ತ ಮ್ಯಾಲೆ ನಮ್ಮನ್ನೂ ಕುಡುಕ ಅಂತೀರಲ್ಲ ಯಜಮಾನ್ರೇ. ಮೊದ್ಲು ಎತ್ತಪ್ಪನ ಹಟ್ಟಿಗೆ ಹೋಗಿ ಬರ್ರಿ." ವ್ಯಾನುಗಳು ಮಂಡಿಯ ಮುಂದೆ ನಿಂತಲ್ಲೇ ನಿಂತವು, ಅವುಗಳ ಕೆಳಗೆ ಕೋಳಿ ಮಲಗತೊಡಗಿದವು. ಜುಂಜಮ್ಮ ಆ ದಾರಿಯಲ್ಲಿ ಬೇಕೆಂದೇ ಸುತ್ತಿಕೊಂಡು ಹೋಗಿ ನೋಡಿ ಬರುತ್ತಿದ್ದಳು.

ಮಾರ್ಲಮಿ ಅಮಾವಾಸ್ಯೆಯ ಮಧ್ಯಾಹ್ನ ರಂಗಪ್ಪ ಬಂದ. ಹಟ್ಟಿಯ ಮುಳ್ಳುಬೇಲಿಯ ಹೊರಗೆ ಚಪ್ಪಲಿ ಬಿಡಬೇಕು, ಬಿಟ್ಟ. ದೇವರ ಗುಡಿಯ ಮುಂದೆ ಹಟ್ಟಿಯೆಲ್ಲ ಕೂತಿತ್ತು. ಪಾಪಣ್ಣನಿಂದ ಸುದ್ದಿ ತಿಳಿದು ಬಂದಿದ್ದ ಜುಂಜಮ್ಮ ಹೆಂಗಸರ ಸಾಲಿನಲ್ಲಿ ಅತ್ತೆಯ ಪಕ್ಕ ಕೂತಿದ್ದಳು. ರಂಗಪ್ಪ ಎಡೆಯ ಎದುರು ಕೂತು ತಲೆ ತಗ್ಗಿಸಿ, ಗಂಟಲೊಳಗೇ, "ಎತ್ತಪ್ಪ ಕುಡಿದಿರ್ಲಿಲ್ಲ, ನಾನು ಸುಳ್ಳು ಹೇಳಿದ್ದೆ" ಅಂದ.

ಮುದ್ದಕ್ಕ ಕಿವಿಯ ಹಿಂದೆ ಅಂಗೈ ಇಟ್ಟುಕೊಂಡಳು. "ನಂಗೆ ಕಿವಿ ಮಂದ ಕಣಪ್ಪಾ. ಇನ್ನೊಂದು ಸಲ ಹೇಳು."

ಅವನು ಇನ್ನೊಂದು ಸಲ ಹೇಳಿದ.

"ಯಾರು ಕುಡಿದಿರ್ಲಿಲ್ಲ?"

"ಎತ್ತಪ್ಪ."

"ಯಾರು ಸುಳ್ಳು ಹೇಳಿದ್ದು?"

"ನಾನು."

"ಗಾಳಿ ಜಾಸ್ತಿ ಐತೆ, ಹಿಂದಿನೋರಿಗೆ ಕೇಳ್ಸಿಲ್ಲ. ಎದ್ದು ನಿಂತ್ಕಂಡು ಹೇಳಪ್ಪಾ."

ಎಲೆಯೂ ಅಲುಗದ ಮಧ್ಯಾಹ್ನ ಅದು. ಹಿಂದಿನ ಸಾಲಿನ ತಿಪ್ಪಮ್ಮ ನಗು ತಡೆಯಲು ಸೆರಗನ್ನು ಬಾಯಿಗಿಟ್ಟುಕೊಂಡಳು. ಗೊಲ್ಲಪ್ಪ ಎಡೆಯ ಮುಂದೆ ಕೂತವನು ಸಾಕು ಅನ್ನುವಂತೆ ಕೈ ಎತ್ತಿದ. ಮುದ್ದಕ್ಕ ಅವನ ಕಡೆ ಒಂದು ನೋಟ ನೋಡಿದ್ದಕ್ಕೆ ಕೈ ಇಳಿಸಿದ. ಎಡೆಯ ಅನ್ನ ಆರುತ್ತಿತ್ತು, ಯಾರಿಗೂ ಅವಸರ ಇರಲಿಲ್ಲ. ರಂಗಪ್ಪ ಎದ್ದು ನಿಂತು ಮತ್ತೆ ಹೇಳಿದ. ಜುಂಜಮ್ಮ ಅತ್ತೆಯ ಕಿವಿಯ ಹತ್ತಿರ ಬಾಗಿ, ತುಟಿ ಅಲುಗಿಸದೆ, ಉಸಿರಿನಷ್ಟೇ ಮೆಲ್ಲಗೆ ಕೇಳಿದಳು.

"ಅತ್ತೇ, ಸಾಕಾ?"

"ಇನ್ನೊಂದು ಸಲ" ಅಂದಳು ಮುದ್ದಕ್ಕ.